ಐದೂವರೆ ತಾಸು ಹಿಂದಿದ್ದ ಕೈಗಡಿಯಾರ

ಉತ್ತಯ್ಯ ಅಂಕಲ್ ಕೈಗಡಿಯಾರ ಕೆಟ್ಟಿದೆ ಅಂತ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿ ಬೈಸಿಕೊಂಡವಳು ನಾನು. ಬೆಳಿಗ್ಗೆ ಹತ್ತು ಗಂಟೆ, ಅದರಲ್ಲಿ ನೋಡಿದರೆ ನಾಲ್ಕೂವರೆ!

"ಕೆಟ್ಟಿರೋದು ನಿನ್ನ ತಲೆ. ಇದು ವಿಮಾನದವರ ಟೈಮು ಕಣಮ್ಮ, ಜಗತ್ತಿಗೆಲ್ಲ ಒಂದೇ. ನಮ್ಮ ಟೈಮಿಗಿಂತ ಐದೂವರೆ ತಾಸು ಹಿಂದೆ," ಅಂದರು.

ವಾಯುಪಡೆಯಲ್ಲಿ ಇಪ್ಪತ್ತೆಂಟು ವರ್ಷ ವಿಮಾನಗಳ ವೇಳಾಪಟ್ಟಿ ಬರೆದವರು. ನಿವೃತ್ತಿಯಾದರೂ ಮುಳ್ಳು ತಿರುಗಿಸಲಿಲ್ಲ. ದೆಹಲಿ ಜನಕಪುರಿಯ ಮನೆಯಲ್ಲಿ ಅವರ ಹೆಂಡತಿ ದೇಚಮ್ಮ ಆಂಟಿ ಗೊಣಗೋದುಂಟು: "ಊಟಕ್ಕೆ ಕರೆದರೆ ಗಡಿಯಾರ ನೋಡಿ, ಇನ್ನೂ ತಿಂಡಿ ಹೊತ್ತಲ್ವಾ ಅಂತಾರೆ. ಇಂಥವರ ಜೊತೆ ಹೇಗೆ ಬಾಳೋದು ಹೇಳು!"

ನಮ್ಮದು 'ಮೇಘಯಾನ' ಅನ್ನೋ ಪುಟ್ಟ ವಿಮಾನ ಕಂಪನಿ. ಇರೋದೇ ಆರು ವಿಮಾನ. ಕಚೇರಿ ಕರೋಲ್ ಬಾಗ್‌ನಲ್ಲಿ, ಸೂಟ್‌ಕೇಸ್ ಅಂಗಡಿಯ ಮೇಲೆ. ಸರ್ಕಾರದಿಂದ ಅನುಮತಿಗಳನ್ನು ತರೋದು ಅಂಕಲ್ ಕೆಲಸ, ಅವರ ಅರ್ಜಿ ಟೈಪ್ ಮಾಡೋದು ನನ್ನದು. ಕಂಪನಿಯ ಮೊದಲ ವಿದೇಶಿ ಹಾರಾಟ, ದೆಹಲಿಯಿಂದ ತಾಷ್ಕೆಂಟ್‌ಗೆ. ಅದಕ್ಕಾಗಿ ಅರವತ್ಮೂರರ ಆ ಮನುಷ್ಯ ಹದಿನಾಲ್ಕು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದಿದ್ದರು.

ತಾಷ್ಕೆಂಟ್ ನಿಲ್ದಾಣದವರು ಮುಂದಿನ ತಿಂಗಳಿಂದ ವಾರಕ್ಕೊಂದು ಸಲ ನಮ್ಮ ವಿಮಾನ ಇಳಿಯೋದಕ್ಕೆ ವೇಳೆ ಕಾದಿರಿಸಿ ಪತ್ರ ಬರೆದಿದ್ದರು. ಆದರೆ ಶುಕ್ರವಾರ 17:00ರೊಳಗೆ ಭಾರತ ಸರ್ಕಾರದ ಅನುಮತಿ ಕಳಿಸದಿದ್ದರೆ ಆ ವೇಳೆ ಬೇರೆ ಕಂಪನಿಯ ಪಾಲು. ನಮ್ಮ ಬಾಸ್ ಕರಣ್ ದೆಹಲಿಯಲ್ಲೇ ಬೆಳೆದ ಕೊಡಗಿನವನು, ಕನ್ನಡ ಅರ್ಥವಾಗುತ್ತೆ, ಬಾಯಿಗೆ ಬರಲ್ಲ. ಅವನು ಹಿಂದಿಯಲ್ಲಿ ನೇರವಾಗಿ ಹೇಳಿಬಿಟ್ಟಿದ್ದ: "ಅಂಕಲ್, ಶುಕ್ರವಾರ ಆಗಲಿಲ್ಲ ಅಂದ್ರೆ ನಿಮ್ಮ ಕೆಲಸಕ್ಕೆ ಬೇರೆಯವರನ್ನ ನೋಡ್ತೀನಿ."

ಗುರುವಾರ ಸಂಜೆ ಅರ್ಜಿ ವಾಪಸ್ ಬಂತು! ಜೊತೆಗೆ ಒಂದೇ ಸಾಲಿನ ಆಕ್ಷೇಪಣೆ: 'ಶನಿವಾರ ದೆಹಲಿ ಬಿಡುವ ವಿಮಾನ ಶುಕ್ರವಾರವೇ ತಾಷ್ಕೆಂಟ್ ತಲುಪುವುದು ಹೇಗೆ?'

ತಪ್ಪು ನನ್ನದೇ. ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೆ ಅಂಕಲ್ ರಜೆ ಹಾಕಿದ್ದ ದಿನ, ನಾನೇ ಜಾಣೆ ಅಂತ ಅರ್ಜಿಯ ವೇಳೆಗಳ ಕೋಷ್ಟಕ ತುಂಬಿ ಕಳಿಸಿದ್ದೆ. ಹೊರಡೋ ವೇಳೆ ನಮ್ಮ ಟೈಮಿನಲ್ಲಿ, ಶನಿವಾರ 02:10. ತಲುಪೋ ವೇಳೆ ತಾಷ್ಕೆಂಟ್ ಪತ್ರದಿಂದ ಇದ್ದಂಗೇ ಇಳಿಸಿದ್ದೆ, ವಿಮಾನದವರ ಟೈಮಿನಲ್ಲಿ, ಶುಕ್ರವಾರ 23:40. ಆ ಗಡಿಯಾರವನ್ನು ದಿನಾ ಆಡಿಕೊಂಡವಳು ನಾನು, ನೋಡಿ ನನ್ನ ಬುದ್ಧಿ!

ತಪ್ಪು ಯಾರದು ಅಂತ ಕರಣ್ ಫೋನಿನಲ್ಲಿ ಕೂಗಾಡಿದ: "ಕಿಸ್‌ಕೀ ಗಲ್ತಿ ಹೈ?"

"ನನ್ನದೇ. ಕಳಿಸೋ ಮೊದಲು ನಾನು ನೋಡಬೇಕಿತ್ತು," ಅಂದರು ಅಂಕಲ್. ನನ್ನ ಹೆಸರೇ ಎತ್ತಲಿಲ್ಲ. ನನಗೆ ನೆಲ ಬಿರಿದು ಒಳಗೆ ಹೋಗಬಾರದಾ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಸರ್ಕಾರಿ ಕಚೇರಿಯಲ್ಲಿ. ಅಧಿಕಾರಿ ಅದಿತಿ ಮೇಡಂ ಮುಂದೆ ಅಂಕಲ್ ತಮ್ಮ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು, ಪಕ್ಕದಲ್ಲಿ ನನ್ನದು. ಎರಡನ್ನೂ ತೋರಿಸಿ ಒಂದೊಂದೇ ಸಾಲು ತಿದ್ದಿಸಿದರು. ಮೇಡಂಗೆ ನಗು ಬಂತು. "ಈಗ ಸರಿಯಾಯ್ತು. ಆದ್ರೆ ಮೇಲಿನವರ ಸಹಿ ಬೇಕು, ಅವರು ಮೀಟಿಂಗ್‌ನಲ್ಲಿದ್ದಾರೆ. ಕಾಯಿರಿ," ಅಂದರು.

ಕಾದೆವು. ಹನ್ನೆರಡಾಯಿತು, ಎರಡಾಯಿತು, ನಾಲ್ಕಾಯಿತು. ನನಗೆ ಬೆಂಚಿನ ಮೇಲೆ ಕೂರೋಕೂ ಆಗ್ತಿಲ್ಲ. ಈ ಮಹಾನುಭಾವರು ಆಂಟಿ ಕಟ್ಟಿಕೊಟ್ಟ ಅಕ್ಕಿಯುಂಡೆ ಕಡಂಬಿಟ್ಟು ಬಿಚ್ಚಿ, "ಒಂದು ತಗೋ, ಚಟ್ನಿ ಚೆನ್ನಾಗಿದೆ," ಅಂತಾರೆ! ನನಗೆ ಮೈಯೆಲ್ಲ ಉರಿಯಿತು. ಕೆಲಸ ಹೋಗೋದು ನಿಮ್ಮದು, ಚಡಪಡಿಸೋದು ನಾನಾ ಅಂತ ಕೇಳಿಯೇಬಿಟ್ಟೆ. ಅವರು ಮಿಕಿಮಿಕಿ ನೋಡಿದರು.

ಐದು ಹೊಡೆಯಿತು. ಸಹಿ ಬರಲಿಲ್ಲ. ನಾನು ಅಳೋಕೆ ಶುರು ಮಾಡಿದೆ. ಐದೂ ಐದಕ್ಕೆ ಕರಣ್ ಫೋನು. ಅಂಕಲ್ ಸ್ಪೀಕರ್ ಹಾಕಿದರು. "ಸಬ್ ಖತಂ, ಅಂಕಲ್. ಐದು ದಾಟಿತು."

"ಎಲ್ಲಿ ದಾಟಿತು?" ಅಂಕಲ್ ಗಡಿಯಾರ ನೋಡಿದರು. "ಹನ್ನೊಂದೂ ಮೂವತ್ತೈದು."

"ಅಂಕಲ್, ಇದು ತಮಾಷೆ ಮಾಡೋ ಹೊತ್ತಾ?" ಅಂದ ಕರಣ್.

"ತಾಷ್ಕೆಂಟ್ ಪತ್ರ ತೆಗೆದು ಮೊದಲ ಸಾಲು ಓದಪ್ಪ. 'ಈ ಪತ್ರದ ಎಲ್ಲ ವೇಳೆಗಳೂ ವಿಮಾನದವರ ಟೈಮಿನಲ್ಲಿ' ಅಂತಿದೆಯಾ? ಅವರ ಹದಿನೇಳು ಗಂಟೆ ಅಂದ್ರೆ ನಮಗೆ ರಾತ್ರಿ ಹತ್ತೂವರೆ. ಬೇಕಾದಷ್ಟು ಹೊತ್ತಿದೆ."

ಅಯ್ಯೋ ದೇವರೇ! ನಾನು ಅವರ ತೋಳು ಹಿಡಿದು ಅಲ್ಲಾಡಿಸಿದೆ. "ಬೆಳಿಗ್ಗೆಯೇ ಹೇಳಬಾರದಿತ್ತಾ ಅಂಕಲ್? ನನ್ನ ಜೀವ ಬಾಯಿಗೆ ಬಂದಿತ್ತು!"

"ನಿನಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು? ನಿನ್ನೆ ತಾನೇ ಅದೇ ಪತ್ರದಿಂದ ಪಾಠ ಕಲಿತೆಯಲ್ಲ!"

ಐದೂ ನಲವತ್ತಕ್ಕೆ ಅದಿತಿ ಮೇಡಂ ತಾವೇ ಹೊರಗೆ ಬಂದರು. ಕೈಯಲ್ಲಿ ಸಹಿ, ಮುದ್ರೆ ಬಿದ್ದ ಅನುಮತಿ. ಅಂಕಲ್ ಎದ್ದು ಸೆಲ್ಯೂಟ್ ಹೊಡೆದರು, ಮೇಡಂ ತಬ್ಬಿಬ್ಬಾದರು. ಮೊಬೈಲಿನಲ್ಲೇ ಫೋಟೋ ತೆಗೆದು ತಾಷ್ಕೆಂಟ್‌ಗೆ ಕಳಿಸಿದೆ. ಇಪ್ಪತ್ತೇ ನಿಮಿಷದಲ್ಲಿ ಉತ್ತರ: ವೇಳೆ ಖಚಿತ, ಮೇಘಯಾನಕ್ಕೆ ಸ್ವಾಗತ.

ನಾನು ಆ ಕಾರಿಡಾರಿನಲ್ಲೇ ಕುಣಿದೆ. ಕಾವಲಿನ ಭಯ್ಯಾ ಕೂಡ ನಕ್ಕ. ಹದಿನಾಲ್ಕು ತಿಂಗಳ ಮೇಲೆ ಗೆದ್ದಿದ್ದೆವು. ಅಂಕಲ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಮತ್ತೆ ಒರೆಸಿದರು.

ಕರಣ್ ಮತ್ತೆ ಫೋನ್ ಮಾಡಿದ. ಈ ಸಲ ದನಿ ಮೆತ್ತಗಿತ್ತು. "ಅಂಕಲ್, ಸಾರಿ. ತಾಷ್ಕೆಂಟ್ ಆಚೆಗಿನ ಅಲ್ಮಾಟಿಗೂ ಅರ್ಜಿ ಹಾಕೋಣ, ನೀವೇ ಮಾಡಬೇಕು. ಸೋಮವಾರ ಒಂಬತ್ತಕ್ಕೆ ಮೀಟಿಂಗ್. ಬರ್ತೀರಲ್ವಾ?"

ಅಂಕಲ್ ನನ್ನ ಕಡೆ ನೋಡಿ ಕಣ್ಣು ಹೊಡೆದರು.

"ಬರ್ತೀನಪ್ಪ. ನಿನ್ನ ಒಂಬತ್ತಕ್ಕೋ, ನನ್ನ ಒಂಬತ್ತಕ್ಕೋ?"