ಕೇಳಿ ಸೇದಿದ ನೀರು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಐವತ್ತರ ದಶಕದ ಕೊನೆಯಲ್ಲಿ ನಾನು ಕಾರ್ಕಳದಲ್ಲಿ ವಿಜ್ಞಾನದ ಮಾಸ್ಟರು. ದೆವ್ವ ಪಿಶಾಚಿ ಎಂದು ಬಾಯಿಬಿಟ್ಟ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು.

ಆ ಬೇಸಗೆಯಲ್ಲಿ ಅಮ್ಮ ಉಡುಪಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಗಂಜಿತಿಳಿಯೂ ಒಳಗೆ ನಿಲ್ಲುತ್ತಿರಲಿಲ್ಲ. ಡಾಕ್ಟರು ಕೈಚೆಲ್ಲಿದ್ದರು. ಅವಳು ಕೇಳಿದ್ದು ಒಂದೇ: ಮಲ್ಪೆಯ ಆಚೆ, ದ್ವೀಪದ ಕೋಟೆಯಲ್ಲಿರುವ ಬಾವಿಯ ಒಂದು ಗುಟುಕು ನೀರು. ಹುಡುಗಿಯಾಗಿದ್ದಾಗ ಅಪ್ಪನ ದೋಣಿಯಲ್ಲಿ ಹೋಗಿ ಕುಡಿದಿದ್ದಳಂತೆ. ಮರುದಿನವೇ ಅವಳ ತಮ್ಮ, ಅಂದರೆ ನನ್ನ ಮಾವ, ದೋಣಿ ಇಳಿಸಿದ.

ನಾವು ತಲುಪಿದಾಗ ನಡುಮಧ್ಯಾಹ್ನ. ಕೆಳದಿಯವರು ಕಟ್ಟಿ, ಹೈದರನ ಕಡೆಯವರು ಕಾದು, ಕೊನೆಗೆ ಕುಂಪಣಿಯವರೂ ಬಿಟ್ಟುಹೋದ ಕೋಟೆ ಅದು. ಗೋಡೆಯೊಳಗೆ ಕಾಲಿಟ್ಟೊಡನೆ ಬಿಸಿಲಿಗೆ ಮಂಪರು ಕವಿಯಿತು. ಎಚ್ಚರವಾಗಿಯೇ ಇದ್ದೆ, ಆದರೂ ನಡೆಯುತ್ತಿರುವುದು ನನ್ನ ಕಾಲುಗಳೇ ಎಂಬ ಖಾತರಿ ಇರಲಿಲ್ಲ.

"ಕೇಳಿ ಸೇದು ಅಳಿಯ," ಎಂದ ಮಾವ ಬಾವಿಯ ಹತ್ತಿರ. "ನಮ್ಮವರು ಇಲ್ಲಿ ಕೇಳದೆ ಸೇದುವುದಿಲ್ಲ."

"ಎಂತ ಮಾವ, ಕೇಳಲಿಕ್ಕೆ ಇಲ್ಲಿ ಯಾರು ಉಂಟು?"

"ಇಲ್ಲಿ ಇದ್ದವರನ್ನೆಲ್ಲ ಕೇಳು ಮಾರಾಯ. ನಿನಗೆಂತ ನಷ್ಟ?"

ನಾನು ಕೇಳಲಿಲ್ಲ. ಕೊಡಪಾನ ಇಳಿಸಿದೆ. ಬಂದದ್ದು ಬಾಯಿಗಿಡಲಾಗದ ಉಪ್ಪುನೀರು. ಇನ್ನೊಮ್ಮೆ ಸೇದಿದೆ, ಮತ್ತೂ ಒಮ್ಮೆ. ಉಪ್ಪೇ. ಮಾವ ದೋಣಿಯ ಕಡೆ ನೋಡುತ್ತಾ ನಿಂತ. ಬರಿಗೈಯಲ್ಲಿ ಅಮ್ಮನ ಮುಂದೆ ನಿಲ್ಲುವುದನ್ನು ನೆನೆದು ನನಗೆ ಅಳು ಬಂತು. ಬಾವಿಕಟ್ಟೆ ಹಿಡಿದು ತುಳುವಿನಲ್ಲಿ ಕೇಳಿದೆ: "ಅಮ್ಮನಿಗೆ ಒಂದು ಗುಟುಕು ನೀರು ಬೇಕಿತ್ತು. ತೆಗೆಯಲಾ?"

ಕಡಲಿನ ಸದ್ದು ನಿಂತುಹೋಯಿತು. ಸುತ್ತ ಕಣ್ಣಿಗೆ ಕಾಣದೆ ನೆರೆದಿದ್ದ ಎಷ್ಟೋ ಜನ ಒಂದೊಂದು ಹೆಜ್ಜೆ ಹಿಂದೆ ಸರಿದು ನನಗೆ ಜಾಗ ಬಿಟ್ಟಂತಾಯಿತು. ಭಯವಾಗಲಿಲ್ಲ, ನಾಚಿಕೆಯಾಯಿತು. ಈ ಸಲ ಬಂದ ನೀರು ಎಳನೀರಿನಷ್ಟು ಸಿಹಿಯಾಗಿತ್ತು.

ಅಮ್ಮ ಕುಡಿದಳು. ಅದು ಒಳಗೆ ನಿಂತಿತು. "ಅದೇ ನೀರು. ಕೇಳಿ ತಂದೆ ಅಲ್ವಾ ಮಗಾ," ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಮೂರನೆಯ ದಿನ ತೀರಿಕೊಂಡಳು.

ಅಂಥ ಬಾವಿಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ನಿಂತಿರುತ್ತದೆ, ಕೊಡ ಆಳಕ್ಕೆ ಹೋದರೆ ಉಪ್ಪು ಬರುತ್ತದೆ ಎನ್ನುವುದು ನನಗೂ ಗೊತ್ತು. ಆದರೆ ನಾಲ್ಕು ಸಲವೂ ನಾನು ಹಗ್ಗ ಬಿಟ್ಟದ್ದು ಅದೇ ಗಂಟಿನ ತನಕ. ಪರೀಕ್ಷೆ ಮಾಡಿಯೇ ಬಿಡೋಣವೆಂದು ಮರುವರ್ಷ ಮತ್ತೆ ಹೋದೆ, ಕೇಳದೆ ಸೇದಬೇಕೆಂದೇ ಹೋದೆ. ಹಗ್ಗ ಕಟ್ಟಿದೆ. ಕೊಡಪಾನ ಇಳಿಸುವ ಮೊದಲೇ, ಅಮ್ಮನಿಗೆ ಒಂದು ಗುಟುಕು ನೀರು ಬೇಕಿತ್ತು ಎಂದು ಬಾಯಿ ತಾನಾಗಿ ಕೇಳಿಬಿಟ್ಟಿತು.