ಸಿಂದಗಿಯವರ ಅಭಿಪ್ರಾಯ

ಇಂಡಿ, ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ. ಎಪ್ಪತ್ತರ ದಶಕದಲ್ಲಿ ಈ ನಾಲ್ಕು ಊರುಗಳ ನಡುವೆ ಕೆಂಪು ಅರಿವೆಯ ಒಂದು ಗಂಟು ಬಸ್ಸಿನಲ್ಲಿ ಸುತ್ತುತ್ತಿತ್ತು. ಗಂಟಿನೊಳಗೆ ಒಂದು ಪುಸ್ತಕ, ಅದರ ಜೊತೆಗೆ ಒಂದು ದಪ್ಪ ವಹಿ. ಪುಸ್ತಕ ಓದಿದವರು ವಹಿಯಲ್ಲಿ ಅರ್ಧ ಪುಟ ಮೀರದಂತೆ ತಮ್ಮ ಅಭಿಪ್ರಾಯ ಬರೆದು, ಗಂಟು ಕಟ್ಟಿ, ಮುಂದಿನ ಊರಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. ಹೆಸರು ಬರೆಯುವಂತಿಲ್ಲ, ಊರು ಮಾತ್ರ. ನೌಕರಿಯವರು ಇಂದು ಇಲ್ಲಿ, ನಾಳೆ ವರ್ಗ. ಊರು ಮಾತ್ರ ಇದ್ದಲ್ಲೇ ಇರುತ್ತದೆ ಎಂದು ಹೀಗೆ ಮಾಡಿದ್ದರಂತೆ. ಹಳಬರು ಹೋಗಿ ಅದೇ ಊರಿಂದ ಬೇರೆಯವರು ಸೇರಿದರೆ, ವಹಿಯಲ್ಲಿ ಅಡ್ಡಗೆರೆ ಎಳೆದು ‘ಇಲ್ಲಿಂದ ಹೊಸಬರು’ ಎಂದು ಬರೆಯಬೇಕು.

ಆ ಗೆರೆಯನ್ನು ನಾನು ಎಳೆಯಲಿಲ್ಲ. ನಾನು ಹೇಳಬೇಕೆಂದಿರುವುದು ಆ ಸುಳ್ಳಿನ ಸಂಗತಿಯನ್ನೇ.

ಸಿಂದಗಿಯ ಪಾಲಿನ ಓದುಗ ನನ್ನ ಅಣ್ಣನಾಗಿದ್ದ. ಗೆಳೆಯನ ನಿಶ್ಚಿತಾರ್ಥಕ್ಕೆಂದು ತಂಗಡಗಿಗೆ ಹೋದವನು ಕೃಷ್ಣೆಯಲ್ಲಿ ಈಜಲು ಇಳಿದ. ಮೇಲೆ ಬರಲಿಲ್ಲ. ಅವನಿಗೆ ಇಪ್ಪತ್ತಮೂರು, ನನಗೆ ಹದಿನೆಂಟು. ಅವನ ದಿನಕರ್ಮ ಮುಗಿದ ಮಾರನೆಯ ದಿನವೇ ಗಂಟು ಬಂತು. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮಾಮಾ ದಿನಾ ಬೆಳಿಗ್ಗೆ ನಮ್ಮ ಮನೆಗೆ ಎಮ್ಮೆಯ ಹಾಲಿಗೆ ಬರುತ್ತಿದ್ದ. ಕಂಡಕ್ಟರರು ಗಂಟನ್ನು ಅವನ ಅಂಗಡಿಯಲ್ಲೇ ಇಳಿಸಿ ಹೋಗುತ್ತಿದ್ದರು. ಅವತ್ತು ಅವನು ಗಂಟನ್ನು ಕಟ್ಟೆಯ ಮೇಲಿಟ್ಟು, “ಹಿಂಗಾತು ಅಂತ ಕಂಡಕ್ಟರನ ಕಡೆ ಹೇಳಿ ಕಳಸ್ಲೇನ ತಂಗಿ?” ಎಂದ.

“ಬ್ಯಾಡ ಮಾಮಾ,” ಎಂದೆ.

ಯಾಕೆ ಬೇಡವೆಂದೆನೋ ಆಗ ನನಗೇ ಗೊತ್ತಿರಲಿಲ್ಲ. ಮಧ್ಯಾಹ್ನ ಒಬ್ಬಳೇ ಕುಳಿತು ಪುಸ್ತಕ ಓದಿದೆ. ಅಣ್ಣನ ಅಕ್ಷರಗಳು ಬಲಕ್ಕೆ ವಾಲುತ್ತಿದ್ದವು, ಗಾಳಿಗೆ ಜೋಳದ ಬೆಳೆ ವಾಲಿದ ಹಾಗೆ. ನಾನೂ ಹಾಗೇ ವಾಲಿಸಿ ಬರೆದೆ. ಕೊನೆಗೆ ‘ಸಿಂದಗಿ’ ಎಂದು ಬರೆದು ಗಂಟು ಕಟ್ಟಿದೆ. ಉಳಿದ ಮೂರು ಊರುಗಳಲ್ಲಿ ಅಣ್ಣ ಇನ್ನೂ ಸತ್ತಿಲ್ಲ. ಬಾಗೇವಾಡಿಯಲ್ಲಿ ಯಾರೋ ಅವನ ಮಾತಿಗೆ ಮೂಗು ಮುರಿಯುತ್ತಾರೆ, ಇಂಡಿಯಲ್ಲಿ ಯಾರೋ ತಲೆದೂಗುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಅವನಿಲ್ಲ.

ನಮ್ಮ ಮನೆಯಲ್ಲಂತೂ ಅವನ ಹೆಸರು ಕೂಡ ಉಳಿದಿರಲಿಲ್ಲ. ಅವ್ವ ಅತ್ತು ಕರೆದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಹೊಲಕ್ಕೆ ಹೋಗುತ್ತಿದ್ದಳು, ಎಮ್ಮೆ ಹಿಂಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ಮಗನ ಹೆಸರನ್ನು ಮಾತ್ರ ಬಾಯಿಗೆ ತರುತ್ತಿರಲಿಲ್ಲ. ಅವಳೇ ಎತ್ತದ ಹೆಸರನ್ನು ಅಪ್ಪ ಎತ್ತುವುದು ಎಲ್ಲಿಂದ, ನಾನು ಎತ್ತುವುದು ಎಲ್ಲಿಂದ? ಹೀಗೇ ನಡೆದರೆ ಒಂದು ದಿನ ಅವನು ಇದ್ದದ್ದೇ ಸುಳ್ಳಾಗಿಬಿಡುತ್ತದೆ ಎಂದು ನನಗೆ ದಿಗಿಲಾಗುತ್ತಿತ್ತು.

ಎರಡು ವರ್ಷ ಹೀಗೆ ಕಳೆದ ಮೇಲೆ ಆ ಚಿತ್ರಕತೆಯ ಪುಸ್ತಕ ಬಂತು.

ಇಂಡಿಯವರಿಗೆ ರೈಲು ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕಿತ್ತಂತೆ. ಪರದೇಶದ್ದು, ಇಂಗ್ಲಿಷಿನದು. ಇಂಡಿಯವರು ಬಹಳ ಹುರುಪಿನ ಮನುಷ್ಯ. ಪಾತ್ರಗಳ ಬಾಯಿಂದ ಹೊರಡುವ ಮಾತುಗಳ ಮೇಲೆಲ್ಲ ಕನ್ನಡದಲ್ಲಿ ಬರೆದ ಬಿಳಿ ಚೀಟಿಗಳನ್ನು ಜಾಲಿಯ ಅಂಟಿನಿಂದ ಅಂಟಿಸಿ ಕಳಿಸಿದ್ದರು. ದೊಡ್ಡಾಟದ ಹುಚ್ಚಿರಬೇಕು. ಪ್ಯಾಂಟು ಹಾಕಿದ ಬಿಳಿಯ ಪೊಲೀಸ ಕೂಡ “ಭಳಿರೇ, ಎಲವೋ ನೀಚನೇ” ಎಂದೇ ಮಾತು ತೆಗೆಯುತ್ತಿದ್ದ. ಬಿಸಿಲಿಗೆ ಅಂಟು ಒಣಗಿ ಚೀಟಿಗಳು ಉದುರುತ್ತಿದ್ದವು. ಹುಡುಕಿ ಹುಡುಕಿ ಮತ್ತೆ ಅಂಟಿಸುವುದೇ ಒಂದು ಕೆಲಸ.

ಕತೆಯ ನಾಯಕನದು ಹಳದಿ ಅಂಗಿ, ಹೆಗಲ ಮೇಲೆ ಕುರುಬರ ಕಂಬಳಿಯಂಥ ಕರಿ ವಸ್ತ್ರ, ಗದ್ದದಲ್ಲಿ ಒಂದು ಕುಳಿ. ಹಾರುತ್ತಾನೆ, ಮುರಿದು ಬೀಳುವ ಸೇತುವೆಗೆ ಹೆಗಲು ಕೊಡುತ್ತಾನೆ. ನಾಲ್ಕನೆಯ ಪುಟಕ್ಕೆ ಆಕಾಶ ಅರಿವೆಯ ಹಾಗೆ ಹರಿದು, ಆಚೆಗೆ ಇನ್ನೊಂದು ಲೋಕ ಕಾಣುತ್ತದೆ. ಅದೇ ಊರು, ಅದೇ ಬೀದಿ, ಅದೇ ಜನ. ಆದರೆ ಅಲ್ಲಿ ಈತ ರಾಜ. ಎತ್ತರದ ಗೋಪುರದಲ್ಲಿ ಕುಳಿತು, ಎದುರಾಡಿದವರನ್ನು ಎತ್ತಿ ಕೆಳಗೆ ಒಗೆಯುತ್ತಾನೆ. ಒಂದು ಪುಟದಲ್ಲಂತೂ ಬರೀ ಹೆಣ. ಕೆಂಪು ಬಣ್ಣ ಎದುರಿನ ಪುಟಕ್ಕೂ ಹತ್ತಿತ್ತು.

ಗಂಟು ನಮ್ಮಲ್ಲಿಗೆ ಬರುವುದು ಕೊನೆಗೆ. ಹಾಗಾಗಿ ಮೂವರ ಅಭಿಪ್ರಾಯ ಓದಲು ಸಿಕ್ಕಿತು. ಇಂಡಿಯವರು ಚಿತ್ರಗಳನ್ನು ಹಾಡಿ ಹೊಗಳಿದ್ದರು. ಬಾಗೇವಾಡಿಯವರಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. “ಒಳ್ಳೆಯವನನ್ನು ಕೊಲೆಗಾರ ಮಾಡುವುದು ಯಾವ ಕಲೆ? ಇದನ್ನು ಸುಡಬೇಕು. ಎಲ್ಲರೂ ಒಪ್ಪಿದರೆ ನಾನೇ ಸುಡುತ್ತೇನೆ,” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಮುದ್ದೇಬಿಹಾಳದವರದು ದುಂಡನೆಯ ಅಕ್ಷರ. ಹೆಂಗಸಿರಬೇಕು ಎಂದು ನನ್ನ ಗುಮಾನಿ. “ಹೀಗಾಗುವ ಬದಲು ಆ ಲೋಕದಲ್ಲಿ ಆತ ಹುಟ್ಟದಿದ್ದರೇ ಚೆನ್ನಾಗಿತ್ತು,” ಎಂದಿದ್ದರು. ನನಗೂ ಹಾಗೇ ಅನ್ನಿಸಿತ್ತು.

ಒಂದು ಮಧ್ಯಾಹ್ನ ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ಕುಳಿತು ಉದುರಿದ ಚೀಟಿ ಅಂಟಿಸುತ್ತಿದ್ದೆ. ಹೊರಗೆ ಬಿಸಿಲು ಎಷ್ಟು ಬೆಳ್ಳಗಿತ್ತೆಂದರೆ ಎದುರಿನ ಗೋಡೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾವ ಲೋಕವೂ ಬಹಳ ದೂರ ಇರುವುದಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಅವಳು ಆ ಗಂಟಿನ ಕಡೆ ನೋಡಿದ್ದು.

“ಯಾರಿಂವ?”

ಹೇಳಿದೆ. ಎರಡು ಲೋಕದ ಸಂಗತಿ ಅವಳಿಗೆ ಅರ್ಥವಾಗಲಿಕ್ಕಿಲ್ಲ ಎಂದುಕೊಂಡಿದ್ದೆ. ಶಾಲೆಯ ಮುಖ ಕಾಣದ ಅವ್ವನಿಗೆ ಅದು ಒಂದು ಚೂರೂ ತ್ರಾಸಾಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದಳು:

“ಇಲ್ಲಿ ಹ್ವಾದವರು ಅಲ್ಲಿ ಇರ್ತಾರೇನು?”

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. “ಇರ್ತಾರವ್ವಾ,” ಎಂದೆ.

ಹೆಣಗಳ ಪುಟ ಬಂತು. ನಾನು ತಿರುವಿಹಾಕಲು ಹೋದೆ, ಅವ್ವ ತಡೆದಳು. ಗೋಪುರದ ಪಕ್ಕದ ಮನೆಯ ಕಿಟಕಿಯಲ್ಲಿ ಒಬ್ಬ ಮುದುಕಿ ಬಾಯಿ ತೆರೆದು ನಿಂತಿದ್ದಳು. ನಾನು ಅವಳನ್ನು ಗಮನಿಸಿಯೇ ಇರಲಿಲ್ಲ. ಅವಳ ಮಾತಿನ ಮೇಲೆ ಚೀಟಿ ಇರಲಿಲ್ಲ.

“ಈ ಮುದುಕಿ ಏನಂತಾಳ?”

ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಸಾಲಾಗಿ ಇತ್ತು, ಬರೀ ಚೀರಾಟ. “ಗೊತ್ತಿಲ್ಲವ್ವಾ. ಚೀಟಿ ಬಿದ್ದು ಹೋಗಿರಬೇಕು,” ಎಂದೆ.

“ನನಗ ಗೊತ್ತೈತಿ, ಬರಿ,” ಎಂದಳು ಅವ್ವ. “ಬಾರಪ್ಪಾ, ಮನಿಗೆ ಬಾ. ರೊಟ್ಟಿ ಆರಾಕತ್ತಾವು.”

ಅಣ್ಣ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹರಟೆಗೆ ಕೂತಾಗಲೆಲ್ಲ ಅವ್ವ ಊರ ಅಗಸೆಬಾಗಿಲಿಗೆ ಹೋಗಿ ನಿಂತು ಕೂಗುತ್ತಿದ್ದ ಮಾತು ಅದು. ಓಣಿಯ ಪೋರರು ಇದೇ ಮಾತು ಹೇಳಿ ಅವನನ್ನು ಕಾಡುತ್ತಿದ್ದರು. ಚೀಟಿ ಬರೆದೆ. ಮುದುಕಿಯ ಬಾಯಿಯ ಮುಂದೆ ಅಂಟಿಸಿದೆ.

ಆಮೇಲೆ ವಹಿ ತೆಗೆದು, ಸುಡಬೇಕೋ ಬೇಡವೋ ಎಂದು ಅವ್ವನನ್ನು ಕೇಳಿದೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದೆ: “ಸುಡಬ್ಯಾಡ್ರಿ. ಕೊಲ್ತಾನ ಅಂತೀರಿ. ಕೊಲ್ಲಾಕರೆ ಜೀವ ಇರಬೇಕಲ್ಲ? ಇದ್ದಾನಲ್ಲ, ಇರವಲ್ಲನ್ಯಾಕ, ಇರ್ಲಿ ಬಿಡ್ರಿ.” ಕೆಳಗೆ ‘ಸಿಂದಗಿ’. ಅಕ್ಷರ ವಾಲಿಸುವುದನ್ನು ಮರೆತೇಬಿಟ್ಟಿದ್ದೆ.

ಗಂಟು ಹೋದ ಮೇಲೆ ನನಗೆ ಜೀವ ನಿಲ್ಲಲಿಲ್ಲ. ಮತಭೇದ ಬಂದರೆ ಪುಸ್ತಕ ಎರಡನೆಯ ಸುತ್ತು ಹೋಗುವುದು ಪದ್ಧತಿ. ಮೂವರೂ ಮತ್ತೆ ನೋಡುತ್ತಾರೆ. ಮುದುಕಿ ಬರೀ ಚೀರಿದ್ದಾಳೆ ಎಂದು ಇಂಡಿಯವರಿಗೆ ಗೊತ್ತು, ಅಕ್ಷರ ಅಣ್ಣನದಲ್ಲ ಎಂದೂ ಗೊತ್ತಾಗುತ್ತದೆ. ನನ್ನ ಕೈಯಾರೆ ಅವನನ್ನು ಆ ಮೂರು ಊರುಗಳಲ್ಲೂ ಮುಳುಗಿಸಿಬಿಟ್ಟೆ. ದಿನಾ ಬೆಳಿಗ್ಗೆ ಹಾಲು ಅಳೆಯುವಾಗ ಕೆಂಪು ಗಂಟು ಇದೆಯೇನೋ ಎಂದು ಮಾಮಾನ ಕಂಕುಳು ನೋಡುತ್ತಿದ್ದೆ. ಅವ್ವನೂ ನೋಡುತ್ತಿದ್ದಳು, ನೋಡದವರ ಹಾಗೆ.

ಜೋಳದ ರಾಶಿ ಮುಗಿಯುವ ಹೊತ್ತಿಗೆ ಗಂಟು ಬಂತು. ಮೊದಲು ಪುಸ್ತಕ ತೆಗೆದು ಆ ಪುಟ ನೋಡಿದೆ. ನನ್ನ ಚೀಟಿ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಇಂಡಿಯವರ ಮುತ್ತಿನಂಥ ಅಕ್ಷರದ ಹೊಸ ಚೀಟಿ ಇತ್ತು. ಭಳಿರೇ ಇಲ್ಲ, ಎಲವೋ ಇಲ್ಲ. “ಬಾರಪ್ಪಾ, ಮನಿಗೆ ಬಾ. ರೊಟ್ಟಿ ಆರಾಕತ್ತಾವು.” ನಾಲ್ಕೂ ಮೂಲೆಗೆ ಅಂಟು ಹಚ್ಚಿದ್ದರು.

ವಹಿಯಲ್ಲಿ ಅವರು ಬರೆದದ್ದು: “ಮೂಲದಲ್ಲಿ ಇಲ್ಲದ ಮಾತು. ಮೂಲದವರಿಗೆ ಹೊಳೆದಿಲ್ಲ, ಅಷ್ಟೇ. ನಿಮ್ಮ ಚೀಟಿ ಬಿಚ್ಚುತ್ತಿತ್ತು, ಬೇರೆ ಬರೆದು ಅಂಟಿಸಿದ್ದೇನೆ.” ಬಾಗೇವಾಡಿಯವರು ಏನೂ ಬರೆದಿರಲಿಲ್ಲ. ಹಿಂದಿನ ಪುಟಕ್ಕೆ ಹೋಗಿ, ‘ಸುಡಬೇಕು’ ಎಂಬ ತಮ್ಮ ಮಾತನ್ನು ತಾವೇ ಗೆರೆ ಹೊಡೆದು ಕಾಟು ಹಾಕಿದ್ದರು. ಇಂಡಿಯವರ ಮಾತಿನ ಕೆಳಗೆ ಮುದ್ದೇಬಿಹಾಳದವರ ದುಂಡನೆಯ ಅಕ್ಷರ.

“ಹುಟ್ಟದಿದ್ದರೇ ಚೆನ್ನಾಗಿತ್ತು ಎಂದು ಬರೆದದ್ದಕ್ಕೆ ಸಿಂದಗಿಯವರ ಕ್ಷಮೆ ಕೇಳುತ್ತೇನೆ. ನಿಮ್ಮ ಅಕ್ಷರ ಬದಲಾಗಿ ಎರಡು ವರ್ಷವಾಯಿತು. ಬಹಳ ಚೆನ್ನಾಗಿ ವಾಲಿಸುತ್ತಿದ್ದಿರಿ. ನಮ್ಮ ಮೂವರಿಗೂ ಗೊತ್ತಿತ್ತು. ನೀವಾಗಿ ಗೆರೆ ಎಳೆಯುವವರೆಗೆ ಕೇಳಬಾರದು ಎಂದು ಕಂಡಕ್ಟರರ ಕೈಲಿ ಒಬ್ಬರಿಗೊಬ್ಬರು ಹೇಳಿ ಕಳಿಸಿ ಸುಮ್ಮನಿದ್ದೆವು. ಮೊದಲು ಬರೆಯುತ್ತಿದ್ದವರು ಹೇಗಿದ್ದರು? ಆ ಚೀಟಿಯ ಮಾತು ಅವರ ತಾಯಿಯದೇ ಇರಬೇಕು. ಅವರು ಹೇಳಿದರೆ ಕೇಳುವ ಆಸೆ. ಅರ್ಧ ಪುಟದ ನಿಯಮ ಈ ಸಲಕ್ಕೆ ಬೇಡ.”

ಇದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿ, ಹೊಸ ಚೀಟಿಯ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿದಳು.

“ಗಟ್ಟಿ ಹತ್ತೈತಿ,” ಎಂದಳು. ಆಮೇಲೆ ಗೋಡೆಗೆ ಒರಗಿ, ಎರಡು ವರ್ಷದಲ್ಲಿ ಮೊದಲ ಸಲ ಅಣ್ಣನ ಹೆಸರು ಹಿಡಿದಳು. ಅಗಸೆಯಲ್ಲಿ ನಿಂತು ಕರೆಯುತ್ತಿದ್ದಳಲ್ಲ, ಅಷ್ಟೇ ಸಲೀಸಾಗಿ.

“ಬರಿ,” ಎಂದಳು. “ಅಂವ ಹುಟ್ಟಿದ ದಿನದಿಂದ ಬರಿ.”

ವಹಿಯಲ್ಲಿ ನಾನು ಅಡ್ಡಗೆರೆ ಎಳೆದೆ. ಅವ್ವ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಬುಟ್ಟಿಯಲ್ಲಿ ರೊಟ್ಟಿಗಳು ಆರಿದವು. ಹೆಸರನ್ನು ಮಾತ್ರ ಅಲ್ಲಿಯೂ ಬರೆಯಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅವ್ವ ಅದನ್ನು ಕರೆದದ್ದು ನಾನು ಕೇಳಿದ್ದೇನೆ, ಅಷ್ಟು ಸಾಕು.