ವೇದಿಯ ಮೇಲಿಟ್ಟ ಇನ್ಸುಲಿನ್ ಗಡಿಗೆ

ಕೋವಿಡ್ ಮುಗಿದ ಮರುವರ್ಷ ನಾನು ಸಿಂದಗಿಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಹುಟ್ಟಿದ್ದು ಮುದ್ದೇಬಿಹಾಳದ ಕ್ರೈಸ್ತ ಮನೆತನದಲ್ಲಿ. ಡ್ಯೂಟಿಗೆ ಬಂದ ಮೇಲೆ ಜಾತಿ, ದೇವರು ಎಲ್ಲ ಗೇಟಿನ ಹೊರಗೆ ಎಂದು ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಆ ಜಂಬ ಇಳಿದದ್ದು ರೂತ್ ದಾಖಲಾದ ದಿನ.

ಹದಿನಾರರ ರೂತ್ ಮೋರಟಗಿ ಕಡೆಯ ಹುಡುಗಿ. ಅವಳಿಗಿದ್ದದ್ದು ಟೈಪ್ ಒನ್ ಡಯಾಬಿಟಿಸ್. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ, ದಿನವೂ ಇಂಜೆಕ್ಷನ್ ತೆಗೆದುಕೊಳ್ಳಲೇಬೇಕು. ಮನೆಯಲ್ಲಿ ಫ್ರಿಜ್ ಇಲ್ಲದವರಿಗೆ ಔಷಧದ ಬಾಟಲಿಯನ್ನು ಒದ್ದೆ ಮರಳಿನ ಗಡಿಗೆಯಲ್ಲಿಡಲು ನಾವೇ ಕಲಿಸುತ್ತೇವೆ. ಇವಳ ಗಡಿಗೆಗೆ ಮರಳು ತುಂಬಿಕೊಟ್ಟವಳು ನಾನೇ. ಆ ದಿನ ಏದುಸಿರು ಬಿಡುತ್ತ, ಕಣ್ಣು ತೆರೆಯಲಾರದೆ ಬಂದಳು. ಗ್ಲೂಕೋಮೀಟರಿನಲ್ಲಿ ಅಂಕಿಯೇ ಬರಲಿಲ್ಲ. ರಕ್ತದ ಸಕ್ಕರೆ ಆ ಯಂತ್ರದ ಅಳತೆಯನ್ನೇ ಮೀರಿತ್ತು.

"ಇನ್ಸುಲಿನ್ ಎಲ್ಲೈತಿ?" ಎಂದು ತಾಯಿ ಸುವರ್ಣವ್ವನನ್ನು ಗದರಿದೆ.

"ಚರ್ಚಿನ್ಯಾಗ, ವೇದಿ ಮ್ಯಾಲ ಐತ್ರಿ ಸಿಸ್ಟರ್. ಸೂಜಿ ನಂಬಿದವರಿಗೆ ದೇವರ ಮ್ಯಾಲ ವಿಶ್ವಾಸ ಇಲ್ಲ ಅಂದ್ರು ಪಾಸ್ಟರು. ಗಡಿಗಿ ಸಮೇತ ಒಪ್ಪಿಸಿ ಬಂದೀವ್ರಿ."

ಡ್ರಿಪ್ ಹಚ್ಚುತ್ತಿದ್ದ ಡಾಕ್ಟರು ತಲೆ ಎತ್ತಿದರು. "ಏನ್ರಿ ಸಿಸ್ಟರ್, ನಿಮ್ಮ ದೇವರು ಇನ್ಸುಲಿನ್ ಬ್ಯಾಡ ಅಂತಾನೇನ್ರಿ?"

ಹಂಗಿಸಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದರು. ಅದಕ್ಕೇ ಮತ್ತಷ್ಟು ನಾಚಿಕೆಯಾಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಹುಡುಗಿ ನಿಧಾನಕ್ಕೆ ಚೇತರಿಸಿಕೊಂಡಳು. ಆಗ ಪಾಸ್ಟರು, ರೋಗಿಯ ಹಣೆಗೆ ಹಚ್ಚಿ ಪ್ರಾರ್ಥಿಸುವ ಎಣ್ಣೆಯ ಬಾಟಲಿ ಹಿಡಿದು ವಾರ್ಡಿಗೆ ಬಂದರು. ತಪ್ಪಾಯಿತು ಎನ್ನುತ್ತಾರೇನೋ ಎಂದುಕೊಂಡೆ. ಎಲ್ಲಿಯದು! "ನಿಮ್ಮ ವಿಶ್ವಾಸ ಅರ್ಧಕ್ಕ ನಿಂತಿತ್ತು, ಅದಕ್ಕ ಹಿಂಗಾತು" ಎಂದರು ಸುವರ್ಣವ್ವನಿಗೆ. ಸುತ್ತಲಿನ ಮಂಚದವರೆಲ್ಲ ಅವರನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

ಶನಿವಾರ ಮನೆಗೆ ಕಳಿಸುವ ಮುನ್ನ ಹೊಸ ಇನ್ಸುಲಿನ್ ಬಾಟಲಿಗಳನ್ನು ಕೊಡಲು ಹೋದರೆ ಸುವರ್ಣವ್ವ ಕೈ ಹಿಂದೆ ಕಟ್ಟಿಕೊಂಡಳು. "ದೇವರಿಗೆ ಬಿಟ್ಟಿದ್ದನ್ನ ಹೊಳ್ಳಿ ಮನಿಗೆ ತರಬಾರದ್ರಿ. ಹೊಸಾದು ಇಟ್ಕೊಂಡ್ರೂ ಅದ ಪಾಪ." ಡಾಕ್ಟರು ಬೈದರು, ನಾನು ಕೈಮುಗಿದೆ, ಏನೂ ನಡೆಯಲಿಲ್ಲ. ಹಾಗೇ ಮನೆಗೆ ಕಳಿಸಿದರೆ ರೂತ್ ಉಳಿಯುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಸೋಮವಾರದವರೆಗೆ ಇರಿಸಿಕೊಳ್ಳಿ ಎಂದು ಡಾಕ್ಟರನ್ನು ಬೇಡಿಕೊಂಡೆ. ಮುಳ್ಳು ಚುಚ್ಚಿದ್ದು ಚರ್ಚಿನಲ್ಲಿ, ಅಲ್ಲಿಯೇ ತೆಗೆಯಬೇಕಿತ್ತು.

ಭಾನುವಾರ ಸುವರ್ಣವ್ವನ ಜೊತೆ ಅವರ ಚರ್ಚಿಗೆ ಹೋಗಿ ಹೆಂಗಸರ ಸಾಲಿನಲ್ಲಿ ಜಮಖಾನೆಯ ಮೇಲೆ ಕೂತೆ. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವುದು ಎಂಬ ರೂಢಿಯಿದೆ. ದೇವರು ತನಗೆ ಏನು ಮಾಡಿದ ಎಂಬುದನ್ನು ಯಾರು ಬೇಕಾದರೂ ಎದ್ದು ಹೇಳಬಹುದು. ಪಾಸ್ಟರೂ ನಡುವೆ ಬಾಯಿ ಹಾಕುವಂತಿಲ್ಲ. ಆ ಹೊತ್ತು ಬಂದಾಗ ಎದ್ದುನಿಂತೆ.

"ರೂತ್ ಬದುಕ್ಯಾಳ. ದೇವರೇ ಬದುಕಿಸ್ಯಾನ, ಇನ್ಸುಲಿನ್ ಕೊಟ್ಟು ಬದುಕಿಸ್ಯಾನ. ಯೇಸುಸ್ವಾಮಿ ಯಾವ ರೋಗಿ ಕೈಯಾಗಿನ ಔಷಧಾನೂ ಕಸ್ಕೊಂಡಿಲ್ಲ. ಅವನ ಹೆಸರು ಹೇಳಿ ಕಸ್ಕೊಂಡವರು ನಾವು. ಆಸ್ಪತ್ರ್ಯಾಗ ತಲಿ ಎತ್ತಾಕ ನಾಚಿಕಿ ಆಗೇತಿ ನನಗ."

ಪಾಸ್ಟರು ಗಡಿಬಿಡಿಯಿಂದ ಹಾಡು ಎತ್ತಿದರು. ಯಾರೂ ದನಿಗೂಡಿಸಲಿಲ್ಲ. ಸುವರ್ಣವ್ವ ಎದ್ದಳು. ವೇದಿಯ ಮುಂದೆ ಮೊಣಕಾಲೂರಿ ಕಣ್ಣುಮುಚ್ಚಿದಳು. ಆಮೇಲೆ ಗಡಿಗೆಯನ್ನು ಎತ್ತಿ ಎದೆಗವಚಿಕೊಂಡು ಬಂದು ನನ್ನ ಪಕ್ಕ ಕೂತಳು.

"ದೇವರೇನೂ ಅನ್ಲಿಲ್ರಿ ಸಿಸ್ಟರ್" ಎಂದಳು ಮೆಲ್ಲಗೆ.

ಮರಳು ಒಣಗಿ, ಬಾಟಲಿ ಬಿಸಿಯಾಗಿ ಔಷಧ ಕೆಟ್ಟಿತ್ತು. ಅದನ್ನು ಎಸೆದು, ಮರಳು ನೆನೆಸಿ, ಹೊಸದನ್ನಿಟ್ಟು ಸೋಮವಾರ ತಾಯಿ ಮಗಳನ್ನು ಬಸ್ಸು ಹತ್ತಿಸಿದೆ. ಡಾಕ್ಟರಿಗೂ ಅಂದೇ ಉತ್ತರ ಕೊಟ್ಟೆ: "ದೇವರು ಬ್ಯಾಡ ಅಂದಿಲ್ರಿ ಸರ್. ನಮ್ಮವರು ಅಂದಿದ್ರು."

ಈಗ ಔಷಧ ಬಿಟ್ಟು ಬಂದವರನ್ನು ನಾನು ಗದರುವುದಿಲ್ಲ. ಯಾರು ಬಿಡಿಸಿದರು ಎಂದು ಕೇಳುತ್ತೇನೆ. ಉತ್ತರದಲ್ಲಿ ನಮ್ಮವರ ಹೆಸರು ಬಾರದಿರಲಿ ಎಂದು, ಕೇಳುವ ಮೊದಲೇ ಒಳಗೊಳಗೆ ಪ್ರಾರ್ಥಿಸುತ್ತೇನೆ.